ಯಾಟ್ ಅಂದ್ರೆ 'ಐಷಾರಾಮಿ ಹಡಗು' ಅಲ್ಲ

ಮೊನ್ನೆ ಊರಿಂದ ಚಿಕ್ಕಪ್ಪ ಬಂದಿದ್ದರು. ಗಂಗೊಳ್ಳಿ ಕಡಲಿನಲ್ಲಿ ನಲವತ್ತು ವರ್ಷ ನಾಡದೋಣಿಯಲ್ಲಿ ದುಡಿದವರು. ಪೇಪರ್ ಓದ್ತಾ ಒಂದು ಫೋಟೋ ಮೇಲೆ ಬೆರಳಿಟ್ಟು ಕೇಳಿದರು: "ಇದನ್ನ ಹಡಗು ಅಂತ ಬರೆದವ್ರು ಯಾರು ಮಾರಾಯ? ಹಾಯಿ ಕಟ್ಟಿದ ದೋಣಿ ಅಲ್ದಾ ಇದು?"

ಅದು ಒಂದು ಯಾಟ್. ಹತ್ತು ಜನ ಕೂರಬಹುದು, ಅಷ್ಟೇ. ಕೆಳಗೆ 'ಐಷಾರಾಮಿ ಹಡಗು' ಅಂತಿತ್ತು. ಅನುವಾದದ ಕೆಲಸ ಮಾಡುವಾಗ ನಾನೂ ಈ ಪದವನ್ನು ಎಷ್ಟೋ ಸಲ ಬರೆದಿದ್ದೇನೆ. ಸಾವಿರಾರು ಜನ ಹೋಗುವ ಕ್ರೂಸ್‌ಗೂ ಅದೇ ಪದ, ಆಲಪ್ಪುಳದ ಹೌಸ್‌ಬೋಟ್‌ಗೂ ಅದೇ ಪದ. ಚಿಕ್ಕಪ್ಪ ಕೇಳಿದ ಮೇಲೆ ಯೋಚಿಸಿದೆ. 'ಐಷಾರಾಮಿ' ಅನ್ನೋದು ಅದರ ಮಾಲೀಕನ ಹತ್ತಿರ ದುಡ್ಡಿದೆ ಅಂತ ಹೇಳುತ್ತದೆ. ದೋಣಿ ಎಂಥದ್ದು ಅಂತ ಹೇಳೋದೇ ಇಲ್ಲ.

ಯಾಟ್ ಡಚ್ಚರ ಪದ. ಅವರ ಭಾಷೆಯಲ್ಲಿ 'ಯಾಖ್ಟ್' ಅಂದರೆ ಬೇಟೆ, ಬೆನ್ನಟ್ಟುವುದು. ಹಗುರವಾದ, ಜೋರಾಗಿ ಓಡುವ ಹಾಯಿ ಹಡಗಿಗೆ ಅವರು ಇಟ್ಟ ಹೆಸರು ಅದು. ಕಡಲ್ಗಳ್ಳರನ್ನು ಅಟ್ಟಿಸಿಕೊಂಡು ಹೋಗೋಕೆ, ಸುದ್ದಿ ಮುಟ್ಟಿಸೋಕೆ, ಆಳವಿಲ್ಲದ ನೀರಿನಲ್ಲಿ ದಾರಿ ಹುಡುಕೋಕೆ ಬಳಸುತ್ತಿದ್ದರು. 1606ರಲ್ಲಿ ಆಸ್ಟ್ರೇಲಿಯಾದ ದಡ ಮುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ 'ಡಾಯ್ಫ್‌ಕೆನ್' ಕೂಡ ಇಂಥದ್ದೇ ಒಂದು ಯಾಟ್. ಅದು ಪೂರ್ತಿ ದುಡಿಮೆಯ ಹಡಗು. ಇದೇ ಕಂಪನಿಯವರು 17ನೇ ಶತಮಾನದಲ್ಲಿ ನಮ್ಮ ಗಂಗೊಳ್ಳಿ ಪಕ್ಕದ ಬಸ್ರೂರಿಗೂ ವ್ಯಾಪಾರಕ್ಕೆ ಬಂದಿದ್ದರು.

ಮತ್ತೆ ಇದು ಮೋಜಿನ ದೋಣಿ ಆಗಿದ್ದು ಹೇಗೆ? ಇಂಗ್ಲೆಂಡಿನ ರಾಜ 2ನೇ ಚಾರ್ಲ್ಸ್ ದೇಶಭ್ರಷ್ಟನಾಗಿ ಸ್ವಲ್ಪ ಕಾಲ ಡಚ್ಚರ ನಾಡಿನಲ್ಲೂ ಇದ್ದವನು. 1660ರಲ್ಲಿ ಅವನಿಗೆ ಸಿಂಹಾಸನ ಮತ್ತೆ ಸಿಕ್ಕಿತು. ಆಗ ಆಮ್‌ಸ್ಟರ್‌ಡ್ಯಾಮ್ ನಗರ 'ಮೇರಿ' ಅನ್ನೋ ಯಾಟನ್ನು ಅವನಿಗೆ ಉಡುಗೊರೆ ಕೊಟ್ಟಿತು. ಅವನಿಗೆ ಅದರ ಹುಚ್ಚು ಹಿಡಿಯಿತು. ಮರುವರ್ಷವೇ ತಮ್ಮ ಜೇಮ್ಸ್ ಜೊತೆ ನೂರು ಪೌಂಡ್ ಬಾಜಿ ಕಟ್ಟಿ ಥೇಮ್ಸ್ ನದಿಯಲ್ಲಿ ಗ್ರೀನಿಚ್‌ನಿಂದ ಗ್ರೇವ್ಸೆಂಡ್‌ವರೆಗೆ ಯಾಟ್ ಓಡಿಸಿದ. ಅಲ್ಲಿಂದ ಬೇಟೆಯ ಹಡಗು ಶ್ರೀಮಂತರ ಆಟದ ದೋಣಿ ಆಯಿತು. ಡಚ್ಚರ ಗಂಟಲಿನ 'ಖ' ಇಂಗ್ಲಿಷಿನಲ್ಲಿ ಬಿದ್ದುಹೋಯಿತು. ಅದಕ್ಕೇ 'ಯಾಟ್'. ಇಂಗ್ಲಿಷ್ ಕಾಗುಣಿತ (yacht) ನೋಡಿ 'ಯಾಚ್ಟ್' ಅಂತ ಓದಬೇಡಿ.

ಇಂಗ್ಲಿಷಿನವರು ಈ ಪದವನ್ನು ಅನುವಾದ ಮಾಡಲಿಲ್ಲ, ಹಾಗೇ ತಗೊಂಡರು. ಡೆಕ್, ಸ್ಕಿಪ್ಪರ್, ಕ್ರೂಸ್ ಕೂಡ ಡಚ್ಚರ ಕಡೆಯಿಂದ ಬಂದವೇ. ನಾವೂ 'ಯಾಟ್' ಅಂತಲೇ ಬರೆಯೋಣ. ಬಿಡಿಸಿ ಹೇಳಲೇಬೇಕಾದರೆ 'ವಿಹಾರದ ದೋಣಿ' ಅನ್ನೋಣ, ಎಲ್ಲರಿಗೂ ಗೊತ್ತಾಗುತ್ತದೆ. 'ವಿಲಾಸಿ ನೌಕೆ' ಅಂತೆಲ್ಲಾ ಯಾಕೆ ಬೇಕು?

ನನಗೆ ಇದಕ್ಕಿಂತ ಜಾಸ್ತಿ ಖುಷಿ ಕೊಟ್ಟ ಪದ ಕ್ಯಾಟಮರಾನ್. ಇವತ್ತು ಕೋಟಿ ಕೋಟಿ ಬೆಲೆ ಬಾಳುವ, ಎರಡು ಒಡಲಿನ ಯಾಟ್‌ಗಳಿಗೆ ಈ ಹೆಸರು. ಮೂಲ ತಮಿಳು ಕರಾವಳಿಯ ಮೀನುಗಾರರ 'ಕಟ್ಟುಮರಂ'. ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದ ತೆಪ್ಪ ಅದು. ಕಟ್ಟು, ಮರ. ಕನ್ನಡದವರಿಗೆ ಇದಕ್ಕೆ ಅರ್ಥ ಹೇಳಬೇಕಾ? ದೊಡ್ಡ ಯಾಟ್‌ನಿಂದ ದಡಕ್ಕೆ ಬರೋಕೆ ಇಟ್ಟುಕೊಳ್ಳುವ ಪುಟ್ಟ 'ಡಿಂಗಿ' ಬಂಗಾಳದ ಹೊಳೆಗಳ ದೋಣಿಯ ಹೆಸರು. ಇನ್ನು ಕೇರಳದ ಹೌಸ್‌ಬೋಟ್ ಮೊದಲು ಭತ್ತ, ಅಕ್ಕಿ ಸಾಗಿಸುತ್ತಿದ್ದ 'ಕೆಟ್ಟುವಳ್ಳಂ'. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ದೋಣಿ. ಅಲ್ಲಿನ 'ಕೆಟ್ಟು' ನಮ್ಮ 'ಕಟ್ಟು'ವೇ. ಉಳ್ಳವರು ಇವತ್ತು ಮಲಗಿ ಬಿಸಿಲು ಕಾಯಿಸುವ ದೋಣಿಗಳ ಹೆಸರೆಲ್ಲಾ ಬೆವರು ಸುರಿಸಿದವರ ಬಾಯಿಂದ ಬಂದದ್ದು ಅಂತ ತಿಳಿದಾಗ ನನಗೆ ಹೆಮ್ಮೆ ಆಯಿತು.

ಹೆಮ್ಮೆ ಜೊತೆಗೆ ಬೇಸರವೂ ಆಯಿತು. ನಾವು ನಮ್ಮ ಪದಗಳನ್ನು ಏನು ಮಾಡಿದೆವು? ಒಂದೇ 'ಬೋಟ್' ಬಂದು ಎಲ್ಲವನ್ನೂ ನುಂಗುತ್ತಿದೆ. ನಮ್ಮ ಕಡೆ ಪುಟ್ಟ ಪಾತಿ ದೋಣಿ ಬೇರೆ, ದೊಡ್ಡ ಬಲೆ ಹೊತ್ತ ರಂಪಣಿ ದೋಣಿ ಬೇರೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವುದು ಮಂಜಿ. ಹಂಪಿಯ ತುಂಗಭದ್ರೆಯಲ್ಲಿ ದುಂಡಗೆ ತಿರುಗುವುದು ಹರಿಗೋಲು. ದೇವರ ಉತ್ಸವಕ್ಕೆ ಕೆರೆಯಲ್ಲಿ ಇಳಿಯುವುದು ತೆಪ್ಪ. 'ಹಡಗು' ಅನ್ನೋದು ಹಳಗನ್ನಡದ 'ಪಡಗು'. ಪಾಲು ಹಾಲು ಆದ ಹಾಗೆ ಪಡಗು ಹಡಗಾಯಿತು. ತಮಿಳರು ಇವತ್ತಿಗೂ 'ಪಡಗು' ಅಂತಲೇ ಅನ್ನುತ್ತಾರೆ. ಇಷ್ಟು ಹಳೆಯ ಪದವನ್ನು ಸಿಕ್ಕ ಸಿಕ್ಕ ದೋಣಿಗೆಲ್ಲಾ ಸುಮ್ನೆ ಅಂಟಿಸೋದು ಸರಿಯಲ್ಲ, ಅಲ್ವಾ?

ಚಿಕ್ಕಪ್ಪ ಊರಿಗೆ ಹೋಗುವ ಮೊದಲು ಅವರನ್ನು ಕೂರಿಸಿಕೊಂಡು ದೋಣಿಯ ಒಂದೊಂದು ಭಾಗದ ಹೆಸರನ್ನೂ ಕೇಳಿ ಬರೆದುಕೊಂಡೆ. ಎರಡು ಪುಟ ತುಂಬಿತು. ಅರ್ಧಕ್ಕರ್ಧ ನಾನು ಕೇಳಿರಲೇ ಇಲ್ಲ. ಕಾರವಾರದ ಕಡೆಯವರು, ತುಂಗಭದ್ರೆ ದಂಡೆಯವರು, ತಲಕಾಡಿನವರು ಇದ್ದರೆ ನಿಮ್ಮ ಮನೆಯ ಹಿರಿಯರನ್ನೂ ಕೇಳಿ. ಹರಿಗೋಲು ಹೆಣೆಯುವವರು ಬಳಸುವ ಪದಗಳು ನನಗೆ ತುಂಬಾ ಬೇಕಾಗಿವೆ. ಇಲ್ಲೇ ಕೆಳಗೆ ಬರೆಯಿರಿ.