ಹಳದಿ ಲೈಟು ಆರದಿದ್ದರೆ ಚಕ್ರದ ಕೆಲಸ ಮುಗಿದಿಲ್ಲ

ಅಲಾಯ್ ವೀಲ್ ಮಾರುವವರ ಮೇಲೆ ನನ್ನದೊಂದು ತಕರಾರು ಉಂಟು. ಚಕ್ರ ಹಾಕುತ್ತಾರೆ, ಬ್ಯಾಲೆನ್ಸಿಂಗ್ ಮಾಡುತ್ತಾರೆ, ಇನ್‌ಸ್ಟಾಗ್ರಾಮಿಗೆ ಒಂದು ಫೋಟೋ ತೆಗೆಯುತ್ತಾರೆ, ಕಳಿಸಿಬಿಡುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಟೈರ್ ಗಾಳಿಯ ಹಳದಿ ಲೈಟು ಉರಿಯುತ್ತಾ ಇದ್ದರೆ ಅದು ಗಿರಾಕಿಯ ಹಣೆಬರಹ. ಆ ಲೈಟು ಸರಿಯಾಗಿ ಆರದಿದ್ದರೆ ಚಕ್ರ ಹಾಕುವ ಕೆಲಸ ಮುಗಿದಿಲ್ಲ ಅಂತಲೇ ನಾನು ಹೇಳುವುದು. ಮುಗಿಯದ ಕೆಲಸಕ್ಕೆ ಪೂರ್ತಿ ದುಡ್ಡು ಯಾಕೆ ಕೊಡಬೇಕು?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಉಪ್ಪಳ ಕಡೆಯ ಹುಡುಗರು ಚಂದದ ವೀಲ್ ಬೇಕಾದರೆ ಮಂಗಳೂರಿಗೆ ಓಡುತ್ತಾರೆ. ನನ್ನ ತಂಗಿಯ ಮಗನೂ ಓಡಿದ. ಹೊಸ ರಿಮ್, ಹೊಸ ಟೈರ್, ಎಲ್ಲ ಹಾಕಿಸಿಕೊಂಡು ತಲಪಾಡಿ ದಾಟುವಷ್ಟರಲ್ಲಿ ಲೈಟು ಬಂತು. ಅಂಗಡಿಗೆ ಫೋನ್ ಮಾಡಿದರೆ, "ಎರಡು ದಿನ ಓಡಿಸಿ ಸಾರ್, ತನ್ನಿಂದ ತಾನೇ ಹೋಗ್ತದೆ" ಎಂಬ ಉತ್ತರ. ಓಡಿಸಿದ. ಹೋಗಲಿಲ್ಲ. ಮತ್ತೆ ಫೋನ್ ಮಾಡಿದರೆ, "ಅಷ್ಟು ತಲೆಬಿಸಿ ಆಗುವುದಾದ್ರೆ ಬನ್ನಿ, ಆ ಲೈಟನ್ನೇ ಆಫ್ ಮಾಡಿ ಕೊಡ್ತೇವೆ." ಎಂತ ಉಪಕಾರ ನೋಡಿ! ಕೊನೆಗೆ ಕಾರನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದ. "ಮಾವ, ಇದೆಂತ ಅಂತ ಒಮ್ಮೆ ನೋಡಿ."

ಮೊದಲು ನೋಡಬೇಕಾದ್ದು ಲೈಟು ಹೇಗೆ ಉರಿಯುತ್ತದೆ ಅಂತ. ಇದನ್ನು ಯಾವ ಅಂಗಡಿಯವರೂ ಹೇಳಿಕೊಡುವುದಿಲ್ಲ. ಕುದುರೆ ಲಾಳದ ಆಕಾರದೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಅದು ಗಾಡಿ ಸ್ಟಾರ್ಟ್ ಮಾಡಿದಾಗಿನಿಂದ ಸುಮ್ನೆ ಒಂದೇ ಸಮ ಉರಿದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಆದರೆ ಸುಮಾರು ಒಂದು, ಒಂದೂವರೆ ನಿಮಿಷ ಮಿನುಗಿ ಆಮೇಲೆ ನಿಂತು ಉರಿದರೆ ವಿಷಯವೇ ಬೇರೆ. ಗಾಳಿ ಅಳೆಯುವ ವ್ಯವಸ್ಥೆಯೇ ಕೈಕೊಟ್ಟಿದೆ, ಚಕ್ರದೊಳಗೆ ವಾಲ್ವಿನ ಬುಡದಲ್ಲಿ ಕೂತು ಗಾಳಿ ಅಳೆಯುವ ಸೆನ್ಸರ್ ಸಿಗುತ್ತಾ ಇಲ್ಲ ಅಂತ ಕಾರು ಹೇಳುತ್ತಿದೆ. ಹೆಚ್ಚಿನ ಕಾರುಗಳಲ್ಲಿ ಹೀಗೆಯೇ. ಹುಡುಗನ ಕಾರಿನದ್ದು ಎರಡನೆಯ ಜಾತಿ. ಅವನು ಮಾತ್ರ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಸುತ್ತಲೇ ಇದ್ದ. ಮಿನುಗುವ ಲೈಟಿಗೆ ಎಷ್ಟು ಗಾಳಿ ಹೊಡೆದರೂ ಅಷ್ಟೆ.

ಇನ್ನೊಂದು ಮಾತು. ಎಲ್ಲ ಕಾರಿನ ಚಕ್ರದೊಳಗೂ ಸೆನ್ಸರ್ ಇರುವುದಿಲ್ಲ. ಕೆಲವು ಕಾರುಗಳು ಎಬಿಎಸ್‌ನ (ಬ್ರೇಕ್ ವ್ಯವಸ್ಥೆಯ) ಚಕ್ರದ ವೇಗ ಅಳೆಯುವ ಸೆನ್ಸರಿನಿಂದಲೇ ಲೆಕ್ಕ ಹಾಕುತ್ತವೆ. ಗಾಳಿ ಇಳಿದ ಟೈರಿನ ಸುತ್ತಳತೆ ಒಂದು ಚೂರು ಕಡಿಮೆ ಆಗುತ್ತದೆ, ಹಾಗಾಗಿ ಉಳಿದ ಮೂರಕ್ಕಿಂತ ಸ್ವಲ್ಪ ಬೇಗ ತಿರುಗುತ್ತದೆ. ಅದನ್ನು ಕಾರು ಹಿಡಿಯುತ್ತದೆ. ಇಂಥ ಕಾರಿಗೆ ಹೊಸ ಚಕ್ರ ಹಾಕಿದರೆ ಮಾಡಬೇಕಾದ್ದು ಇಷ್ಟೆ: ನಾಲ್ಕಕ್ಕೂ ಸರಿಯಾದ ಗಾಳಿ ಹಾಕಿ, ಮೆನುವಿನಲ್ಲೋ ಬಟನ್ನಿನಲ್ಲೋ ರೀಸೆಟ್ ಕೊಟ್ಟು ಓಡಿಸುವುದು. ಗಾಳಿ ತಪ್ಪಿದ್ದಾಗಲೇ ರೀಸೆಟ್ ಒತ್ತಿದರೆ ಕಾರು ಆ ತಪ್ಪನ್ನೇ ಸರಿ ಅಂತ ಕಲಿತುಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಅಂಕಿ ಕಾಣುತ್ತದೆಯಾ? ಹಾಗಾದರೆ ಹೆಚ್ಚಾಗಿ ಒಳಗೆ ಸೆನ್ಸರ್ ಉಂಟು. ಬರೀ ಲೈಟು ಮಾತ್ರವಾದರೆ ಮ್ಯಾನ್ಯುಯಲ್ ತೆರೆದು ನೋಡಿ. ಇಲ್ಲದ ಸೆನ್ಸರಿಗೆ ದುಡ್ಡು ಕೇಳುವ ಬುದ್ಧಿವಂತರೂ ಇದ್ದಾರೆ.

ನಮ್ಮ ಹುಡುಗನ ಕಾರಿನಲ್ಲಿ ಅಂಕಿ ಬರುವ ಜಾಗದಲ್ಲಿ ನಾಲ್ಕಕ್ಕೂ ಅಡ್ಡಗೀಟು. ನಿಂತ ಕಾರಿನಲ್ಲಿ ಅದು ಸಹಜವೇ. ಬ್ಯಾಟರಿ ಉಳಿಸಲಿಕ್ಕೆ ಸೆನ್ಸರ್ ನಿದ್ದೆ ಮಾಡುತ್ತದೆ, ಚಕ್ರ ತಿರುಗಿ ಸ್ವಲ್ಪ ಸ್ಪೀಡ್ ಬಂದ ಮೇಲೆ ಏಳುತ್ತದೆ. ಆದರೆ ಬದಿಯಡ್ಕ ಪೇಟೆಗೆ ಹೋಗಿ ಬಂದರೂ ಅಡ್ಡಗೀಟು ಹೋಗದಿದ್ದರೆ?

ಕುಂಬಳೆ ಕಡೆಯ ಒಬ್ಬ ಟೈರ್ ಕೆಲಸದ ಹುಡುಗನ ಹತ್ತಿರ ಸೆನ್ಸರ್ ಓದುವ ಉಪಕರಣ ಉಂಟು, ಅವನನ್ನು ಮನೆಗೇ ಕರೆಸಿದೆವು. ಹಳೇ ಮೊಬೈಲಿನಷ್ಟು ದಪ್ಪದ್ದು. ಅದನ್ನು ವಾಲ್ವಿನ ಪಕ್ಕ, ಟೈರಿನ ಗೋಡೆಗೆ ಹಿಡಿದು ಬಟನ್ ಒತ್ತಿದರೆ 125 ಕಿಲೋಹರ್ಟ್ಸ್‌ನ ಸಿಗ್ನಲ್ ಹೋಗಿ ಮಲಗಿದ ಸೆನ್ಸರನ್ನು ಎಬ್ಬಿಸುತ್ತದೆ. ಎದ್ದ ಸೆನ್ಸರ್ ತನ್ನ ಐಡಿ, ಗಾಳಿ, ಶಾಖ ಎಲ್ಲ ಹೇಳುತ್ತದೆ. ಎದುರಿನ ಎಡ ಚಕ್ರ, ಮೌನ. ಎದುರಿನ ಬಲ, ಮೌನ. ಹಿಂದಿನವೂ ಹಾಗೆಯೇ. "ಮಾಷ್ಟ್ರೇ, ಇದರೊಳಗೆ ಎಂತದ್ದೂ ಇಲ್ಲ. ಹಳೇ ಚಕ್ರ ಎಲ್ಲಿ ಉಂಟು?" ಅಂತ ಕೇಳಿದ.

ಹಳೇ ಚಕ್ರಗಳು ಅಡಿಕೆ ಗೋಣಿ ಇಡುವ ಶೆಡ್ಡಿನಲ್ಲಿ ಒಂದರ ಮೇಲೊಂದು ಇದ್ದವು. ಅವನು ಉಪಕರಣವನ್ನು ಮೇಲಿನ ಚಕ್ರಕ್ಕೆ ಹಿಡಿದದ್ದೇ ತಡ, ಟಿಂಕ್ ಅಂತ ಸದ್ದು. ಗಾಳಿ 31, ಬ್ಯಾಟರಿ ಓಕೆ. ಅಂದರೆ ಕತೆ ಏನು? ಮಂಗಳೂರಿನವರು ಹೊಸ ರಿಮ್ಮಿಗೆ ಸಾದಾ ರಬ್ಬರ್ ವಾಲ್ವ್ ಹಾಕಿ, ಕಾರಿನ ಸೆನ್ಸರನ್ನೆಲ್ಲ ಹಳೇ ಚಕ್ರದೊಳಗೇ ಬಿಟ್ಟು, ಡಿಕ್ಕಿಯಲ್ಲಿ ತುಂಬಿಸಿ ಕಳಿಸಿದ್ದಾರೆ. "ಓಡ್ತಾ ಓಡ್ತಾ ಹೋಗ್ತದೆ" ಅಂದವರಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು ಅಂತಲೇ ನನ್ನ ಅಂದಾಜು. ಸೆನ್ಸರ್ ತೆಗೆದು ಹಾಕುವುದಕ್ಕೆ ಹೊತ್ತು ಬೇಕು, ಮುರಿದರೆ ಕೈಯಿಂದ ಕೊಡಬೇಕು. ಹಾಗಾಗಿ ಸುದ್ದಿ ಎತ್ತಲಿಲ್ಲ.

ಓಡಿಸಿದರೆ ಸರಿಯಾಗುತ್ತದೆ ಎಂಬ ಮಾತು ಪೂರ್ತಿ ಸುಳ್ಳೇನಲ್ಲ. ಕೆಲವು ಕಾರುಗಳು ಹೊಸ ಸೆನ್ಸರಿನ ಐಡಿಯನ್ನು ಸ್ವಲ್ಪ ಹೊತ್ತು ಒಂದೇ ಹದದಲ್ಲಿ ಓಡಿಸಿದರೆ ತಾವಾಗಿಯೇ ಕಲಿಯುತ್ತವೆ. ಕೆಲವಕ್ಕೆ ಮೆನುವಿನಲ್ಲಿ ಹೋಗಿ ಕಲಿಸಬೇಕು. ಇನ್ನು ಕೆಲವಕ್ಕೆ ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿಗೆ ಹೋಗುವ ಸಾಕೆಟ್ಟು) ಉಪಕರಣ ಸಿಕ್ಕಿಸಿ ಐಡಿ ಬರೆಯಬೇಕು, ಬೇರೆ ದಾರಿ ಇಲ್ಲ. ಯಾವುದೇ ಇರಲಿ, ಕಲಿಯಲಿಕ್ಕೆ ಚಕ್ರದೊಳಗೆ ಸೆನ್ಸರ್ ಅಂತ ಒಂದು ಇರಬೇಕಲ್ವಾ?

ಸೆನ್ಸರಿನ ಐಡಿ ಎಂದರೆ ಮೊಬೈಲ್ ನಂಬರ್ ಇದ್ದ ಹಾಗೆ, ಒಂದಕ್ಕೆ ಇದ್ದದ್ದು ಇನ್ನೊಂದಕ್ಕೆ ಇಲ್ಲ. ಹಳೇ ಸೆನ್ಸರನ್ನೇ ಹೊಸ ರಿಮ್ಮಿಗೆ ಹಾಕಿದರೆ ಕಾರಿಗೆ ಪರಿಚಯದ ನಂಬರೇ ಸಿಗುತ್ತದೆ. ನಮ್ಮದರಲ್ಲಿ ಮೂರು ಹಾಗೆ ಆಯಿತು. ನಾಲ್ಕನೆಯದರ ಬ್ಯಾಟರಿ ಸತ್ತಿತ್ತು. ಇದರ ಬ್ಯಾಟರಿ ಸಾಧಾರಣವಾಗಿ 5ರಿಂದ 10 ವರ್ಷ ಬರುತ್ತದೆ, ಆದರೆ ಒಳಗೆ ಅಂಟು ತುಂಬಿಸಿ ಮುಚ್ಚಿರುತ್ತಾರೆ, ಬಿಚ್ಚಿ ಬೇರೆ ಹಾಕುವ ಹಾಗಿಲ್ಲ. ಟೈರ್ ಕೆಲಸದ ಹುಡುಗ ಆ ಕೆಟ್ಟ ಸೆನ್ಸರಿನ ಬೆನ್ನಿನ ಧೂಳನ್ನು ಹೆಬ್ಬೆರಳಿನಲ್ಲಿ ಉಜ್ಜಿದ. ಸಣ್ಣ ಅಕ್ಷರದಲ್ಲಿ ಐಡಿ ಅಚ್ಚಾಗಿತ್ತು. ಅದನ್ನೇ ಹೊಸ ಸೆನ್ಸರಿಗೆ ಬರೆದ. ಕಾರಿಗೆ ಸೆನ್ಸರ್ ಬದಲಾದದ್ದೇ ಗೊತ್ತಾಗಲಿಲ್ಲ. ಹೀಗೆ ಬರೆಯಬಹುದಾದ ಸೆನ್ಸರ್ ತಗೊಳ್ಳುವಾಗ ಫ್ರೀಕ್ವೆನ್ಸಿ ನೋಡಿಕೊಳ್ಳಬೇಕು. ಯುರೋಪಿನ ಗಾಡಿಗಳದ್ದು 433 ಮೆಗಾಹರ್ಟ್ಸ್, ಅಮೆರಿಕದಲ್ಲಿ 315 ಜಾಸ್ತಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 315ರದ್ದು ತರಿಸಿ 433ರ ಕಾರಿಗೆ ಹಾಕಿದರೆ ಅದು ಹೇಳಿದ್ದು ಇದಕ್ಕೆ ಕೇಳಿಸುವುದಿಲ್ಲ.

ಎಲ್ಲ ಹಾಕಿದ ಮೇಲೆ ಲೈಟು ಆರಿತು, ಅಂಕಿಗಳೂ ಬಂದವು. ಅಲ್ಲಿಗೆ ಬಿಡಬೇಡಿ. ಯಾವ ಚಕ್ರದ ಅಂಕಿ ಯಾವ ಜಾಗದಲ್ಲಿ ಕಾಣುತ್ತಿದೆ ಅಂತ ನೋಡಬೇಕು. ಕೆಲವು ಕಾರುಗಳು ಜಾಗ ತಾವೇ ಗುರುತಿಸುತ್ತವೆ, ಕೆಲವಕ್ಕೆ ಆಗುವುದಿಲ್ಲ. ಸುಲಭದ ದಾರಿ, ಎದುರಿನ ಎಡ ಟೈರಿನಿಂದ ಒಂದು ನಾಲ್ಕು ಪಿಎಸ್‌ಐ ಗಾಳಿ ಬಿಟ್ಟು ಸ್ವಲ್ಪ ದೂರ ಓಡಿಸಿ. ಕಡಿಮೆಯಾದ ಅಂಕಿ ಹಿಂದಿನ ಬಲದಲ್ಲಿ ಕಂಡರೆ ಸೆನ್ಸರ್ ಅದಲುಬದಲಾಗಿದೆ. ಹಾಗೇ ಬಿಟ್ಟರೆ ನಾಳೆ ಪಂಚರ್ ಆದದ್ದು ಒಂದು, ನೀವು ಗಾಳಿ ಹೊಡೆಯುವುದು ಇನ್ನೊಂದಕ್ಕೆ. ಕಲಿಸುವ ಹೊತ್ತಿಗೆ ಸೆನ್ಸರ್ ಇರುವ ಬೇರೆ ಚಕ್ರಗಳನ್ನು ಕಾರಿನ ಹತ್ತಿರ ಇಡಬಾರದು. ಕಾರು ತಪ್ಪಿ ಅದನ್ನೇ ಹಿಡಿದುಕೊಂಡೀತು.

ಸಮುದ್ರದ ಬದಿಯವರಿಗೆ ಇನ್ನೊಂದು ಪಂಚಾತಿಕೆ ಉಂಟು, ಇದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಸೆನ್ಸರಿನ ಲೋಹದ ವಾಲ್ವ್ ಹೆಚ್ಚಾಗಿ ಅಲ್ಯೂಮಿನಿಯಂ. ಅದರೊಳಗೆ ಸಾದಾ ಹಿತ್ತಾಳೆಯ ಪಿನ್ನು ಹಾಕಿದರೆ ಉಪ್ಪಿನ ಗಾಳಿಗೆ ಎರಡೂ ಲೋಹ ಸೇರಿ ಹಿಡಿದುಬಿಡುತ್ತವೆ. ಇದಕ್ಕೆ ನಿಕ್ಕಲ್ ಲೇಪದ ಪಿನ್ನೇ ಬೇಕು. ಪಂಚರ್ ಅಂಗಡಿಯ ಡಬ್ಬದಲ್ಲಿ ಇರುವುದು ಹಿತ್ತಾಳೆಯದ್ದು. ಹುಡುಗರು ಶೋಕಿಗೆ ಹಾಕುವ ಲೋಹದ ಕ್ಯಾಪ್ ಕೂಡ ಹಾಗೆಯೇ ಕಚ್ಚಿಕೊಳ್ಳುತ್ತದೆ. ಉಪ್ಪಳದ ಸ್ನೇಹಿತರೊಬ್ಬರ ಕಾರಿನಲ್ಲಿ ಅಂಥ ಕ್ಯಾಪನ್ನು ಕಟ್ಟಿಂಗ್ ಪ್ಲೈಯರಿನಲ್ಲಿ ಹಿಡಿದು ತಿರುಗಿಸಿದಾಗ ಕ್ಯಾಪ್ ಬರಲಿಲ್ಲ, ವಾಲ್ವೇ ಬುಡದಿಂದ ಮುರಿದು ಕೈಗೆ ಬಂತು. ಹಿಂದಿನಿಂದ ಬುಸ್ ಅಂತ ಗಾಳಿ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಕ್ಯಾಪ್ ಇದ್ದಿದ್ದರೆ ಸಾವಿರಗಟ್ಟಲೆಯ ಸೆನ್ಸರ್ ಉಳಿಯುತ್ತಿತ್ತು. ಟೈರ್ ಬಿಚ್ಚಿದಾಗಲೆಲ್ಲ ವಾಲ್ವಿನ ರಬ್ಬರ್ ಸೀಲ್, ಪಿನ್ನು, ಕ್ಯಾಪ್ ಹೊಸತು ಹಾಕಿಸಿ. ಟೈರ್ ಬಿಚ್ಚುವ ಮಿಷನ್ನಿನ ಒತ್ತು ಬೀಳುವ ಜಾಗದಲ್ಲಿ ವಾಲ್ವ್ ಇರದ ಹಾಗೆ ಚಕ್ರ ಇಡಬೇಕು, ಅಲ್ಲಿ ಇಟ್ಟರೆ ಸೆನ್ಸರ್ ಪುಡಿ. ನೀವು ಚಾ ಕುಡಿಯಲಿಕ್ಕೆ ಹೋಗಬೇಡಿ, ಪಕ್ಕದಲ್ಲೇ ನಿಂತು ನೋಡಿ.

ಒಂದೇ ಸಮ ಉರಿಯುವ ಲೈಟಿನದ್ದು ಸಣ್ಣ ವಿಷಯ, ಆದರೂ ಹೇಳಿಬಿಡುತ್ತೇನೆ. ಗಾಳಿ ನೋಡಬೇಕಾದ್ದು ಟೈರ್ ತಣ್ಣಗಿದ್ದಾಗ. ಎಷ್ಟು ಅಂತ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಹೆದ್ದಾರಿ 66ರಲ್ಲಿ ಮಧ್ಯಾಹ್ನದ ಬಿಸಿಲಿಗೆ ಓಡಿಸಿ ಬಂದು, ಬಿಸಿ ಟೈರಿಗೆ ಲೆಕ್ಕ ನೋಡಿ ಹಾಕಿದ 33, ಮರುದಿನ ಮಳೆಯ ಬೆಳಿಗ್ಗೆ 33 ಇರುವುದಿಲ್ಲ. ಶಾಖ ಐದಾರು ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿ ಕಡಿಮೆ ಇದ್ದರೆ ಹಿಡಿತ ಜಾಸ್ತಿ ಅನ್ನುವವರ ಮಾತು ಕೇಳಬೇಡಿ. ಗಾಳಿ ಕಡಿಮೆಯಾದ ಟೈರು ನೀರಿನ ಮೇಲೆ ಬೇಗ ತೇಲುತ್ತದೆ. ನೈಟ್ರೋಜನ್ ಹಾಕಿಸಿದರೆ ಲೈಟು ಹೋಗುತ್ತದೆ ಎನ್ನುವವರೂ ಇದ್ದಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ನೈಟ್ರೋಜನ್ ಉಂಟು ಮಾರಾಯ್ರೇ.

ಲೈಟನ್ನೇ ಆಫ್ ಮಾಡಿಸುವ ಸಲಹೆ ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಚರ್ಮ ಕಳಚಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಮಗುಚಿ ಬಿದ್ದು ಜನ ಸತ್ತ ಮೇಲೆ, 2000ದಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. ಅದರಿಂದಲೇ ಈ ಲೈಟು ಅಲ್ಲಿ ಕಡ್ಡಾಯವಾದದ್ದು. ನಮ್ಮ ದೇಶದಲ್ಲಿ 2020ರ ನಿಯಮದ ಪ್ರಕಾರ ಟ್ಯೂಬ್‌ಲೆಸ್ ಟೈರು, ಪಂಚರ್ ಕಿಟ್ಟು, ಟೈರ್ ಗಾಳಿ ಅಳೆಯುವ ಈ ವ್ಯವಸ್ಥೆ (ಟಿಪಿಎಂಎಸ್) ಮೂರೂ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ. ಅಂದರೆ ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಈ ಲೈಟೇ ಸ್ಟೆಪ್ನಿಯ ಜಾಗದಲ್ಲಿ ಕೂತಿದೆ. ಅದನ್ನು ಆಫ್ ಮಾಡಿಸಿಕೊಂಡು ರಾತ್ರಿ ಪೆರ್ಲದ ತಿರುವುಗಳಲ್ಲಿ ಹೋಗುತ್ತೀರಾ? ಅಂದ ಹಾಗೆ, ಆ ಕಿಟ್ಟಿನ ಅಂಟುದ್ರಾವಣ ಒಳಗೆ ಹೋದರೆ ಸೆನ್ಸರಿನ ತೂತು ಮುಚ್ಚುವುದುಂಟು. ಪಂಚರ್ ಹಾಕಿಸುವಾಗ ಹಾಗೆ ಹಾಕಿದ್ದೇವೆ ಅಂತ ಹೇಳಿ, ತೊಳೆಸಿ.

ಸ್ಟೆಪ್ನಿ ಇದ್ದವರಿಗೂ ಒಂದು ಮಾತು. ಹೆಚ್ಚಿನ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲ. ಅದನ್ನು ಹಾಕಿ ಓಡಿಸುವಾಗ ಲೈಟು ಮಿನುಗಿದರೆ ಗಾಬರಿ ಬೇಡ.

ಇನ್ನು ವೀಲ್ ತಗೊಳ್ಳುವವರು ಬಣ್ಣ, ಡಿಸೈನ್ ಮಾತಾಡುವ ಮೊದಲೇ ಕೇಳಿ. ನನ್ನ ಸೆನ್ಸರ್ ಈ ರಿಮ್ಮಿಗೆ ಕೂರುತ್ತದಾ, ವಾಲ್ವಿನ ತೂತಿನ ಅಳತೆ ಸರಿ ಉಂಟಾ, ಒಳಗಿನ ಗೋಡೆಗೆ ತಾಗುತ್ತದಾ, ಕಲಿಸುವ ಉಪಕರಣ ನಿಮ್ಮಲ್ಲಿ ಉಂಟಾ ಅಂತ. ಟೈರಿನ ಸೈಜಿನ ವಿಷಯದಲ್ಲೂ ಹುಷಾರು, ಕೇರಳದ ಮೋಟಾರು ವಾಹನ ಇಲಾಖೆಯವರ (ಎಂವಿಡಿ) ಕಣ್ಣು ಹೊರಗೆ ಚಾಚಿದ ಚಕ್ರದ ಮೇಲೆ ಯಾವಾಗಲೂ ಇರುತ್ತದೆ. ಸೆನ್ಸರ್ ವರ್ಗಾಯಿಸಿ ಕಲಿಸುವುದಕ್ಕೆ ಬೇರೆ ಚಾರ್ಜು ಕೇಳಿದರೆ ಕೊಡಿ, ಅದು ನ್ಯಾಯವೇ. ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆಮೇಲೆ ಅಂಗಡಿಯ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ, ನಾಲ್ಕು ಅಂಕಿ ಬಂದ ಮೇಲೆಯೇ ಗೂಗಲ್ ಪೇ ತೆರೆಯಿರಿ.