ಮದುವೆ ಇಲ್ಲ, ಪಾಸ್‌ಬುಕ್ ತಗೊಳ್ಳಿ

ನನಗೂ ನನ್ನ ಸೋದರಮಾವನಿಗೂ ಒಂದು ಜಂಟಿ ಖಾತೆ ಇದೆ. ಊರಿನ ತೆಂಗಿನಕಾಯಿ ದುಡ್ಡು ಅದರಲ್ಲಿ ಬೀಳುತ್ತದೆ. ಖಾತೆ ತೆರೆಯಲು ಹೋದಾಗ ಬ್ಯಾಂಕಿನವರು ಆಧಾರ್ ಕೇಳಿದರು, ಫೋಟೋ ಕೇಳಿದರು. ನಿಮ್ಮಿಬ್ಬರ ನಡುವೆ ಪ್ರೀತಿ ಇದೆಯಾ ಅಂತ ಕೇಳಲಿಲ್ಲ. ಕೇಳಿದ್ದರೆ ಖಾತೆಯೇ ಆಗುತ್ತಿರಲಿಲ್ಲ, ಆ ಮಾತು ಬೇರೆ.

ಈಗ 2024ರ ಆಗಸ್ಟ್‌ಗೆ ಬನ್ನಿ. ಕೇಂದ್ರದ ಹಣಕಾಸು ಸಚಿವಾಲಯ ಒಂದು ಪ್ರಕಟಣೆ ಹೊರಡಿಸಿತು. ಸಲಿಂಗಿ ಜೋಡಿಗಳು ಜಂಟಿ ಖಾತೆ ತೆರೆಯಲು ಯಾವ ನಿರ್ಬಂಧವೂ ಇಲ್ಲವಂತೆ. ಸಂಗಾತಿಯನ್ನು ನಾಮಿನಿ ಮಾಡಲೂ ಅಡ್ಡಿಯಿಲ್ಲವಂತೆ. ಗಮನಿಸಿ, ಇದ್ದ ನಿರ್ಬಂಧವನ್ನು ತೆಗೆದದ್ದಲ್ಲ. ಇಲ್ಲದ ನಿರ್ಬಂಧ ಇಲ್ಲ ಎಂದು ಸಾರಿದ್ದು. ಇಷ್ಟಾಗಲು ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂರಬೇಕಾಯಿತು. ಅದಕ್ಕೂ ಮುಂಚೆ ಸುಪ್ರೀಂ ಕೋರ್ಟಿನಲ್ಲಿ ಐವರು ನ್ಯಾಯಮೂರ್ತಿಗಳು ಹತ್ತು ದಿನ ವಾದ ಕೇಳಬೇಕಾಯಿತು.

ಆ ಹತ್ತು ದಿನಗಳಲ್ಲಿ ಸಲಿಂಗಿ ಜೋಡಿಗಳು ಮುಖ್ಯವಾಗಿ ಕೇಳಿದ್ದು ಮದುವೆಯನ್ನು. ಸಂವಿಧಾನದ 14ನೇ ವಿಧಿ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುತ್ತದೆ, ನಮಗೂ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಜಾಗ ಕೊಡಿ ಎಂದರು ಅರ್ಜಿದಾರರು. 2023ರ ಅಕ್ಟೋಬರ್ 17ರಂದು ತೀರ್ಪು ಬಂತು, ಮದುವೆ ಇಲ್ಲ. ಬಹುಮತದ ತರ್ಕ ಸೊಗಸಾಗಿದೆ. 1954ರಲ್ಲಿ ಆ ಕಾಯ್ದೆ ಮಾಡಿದ್ದು ಬೇರೆ ಬೇರೆ ಧರ್ಮದ ಗಂಡು ಹೆಣ್ಣಿಗಾಗಿ. ನಿಮ್ಮನ್ನು ಬಿಟ್ಟದ್ದು ತಾರತಮ್ಯ ಅಲ್ಲ, ನೀವು ಆಗ ಲೆಕ್ಕದಲ್ಲೇ ಇರಲಿಲ್ಲ!

ಪಂಕ್ತಿಯಲ್ಲಿ ಕೂತವನನ್ನು ಎಬ್ಬಿಸಿ, 'ಬೇಜಾರು ಮಾಡ್ಕೋಬೇಡಿ ಸ್ವಾಮಿ, ಎಲೆ ಎಣಿಸುವಾಗ ನಿಮ್ಮನ್ನು ಎಣಿಸಿರಲಿಲ್ಲ, ಎಣಿಸದವರಿಗೆ ಅವಮಾನ ಎಲ್ಲಿಂದ ಬಂತು?' ಅಂದ ಹಾಗೆ.

ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಾತ್ರ ಈ ಕಾಯ್ದೆ 14ನೇ ವಿಧಿಗೆ ವಿರುದ್ಧ ಎಂದೇ ಬರೆದರು. ಆದರೆ ಅದನ್ನು ತಿದ್ದಲು ಹೊರಟರೆ ಇನ್ನೂ ಎಷ್ಟೋ ಕಾನೂನುಗಳು ಅಲುಗಾಡುತ್ತವೆ ಎಂದು ಅವರೂ ಕೈ ಕಟ್ಟಿದರು. ಮದುವೆ ಮೂಲಭೂತ ಹಕ್ಕಲ್ಲ ಎಂಬುದರಲ್ಲಂತೂ ಐವರೂ ಒಂದೇ. ಏನಿದ್ದರೂ ಸಂಸತ್ತು ನೋಡಿಕೊಳ್ಳಲಿ ಎಂದಾಯಿತು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಸಂಸತ್ತು ಬೇರೆ ಕೆಲಸದಲ್ಲಿದೆ.

ಸರ್ಕಾರದ ವಾದವನ್ನಂತೂ ಮರೆಯುವ ಹಾಗಿಲ್ಲ. ಇದೆಲ್ಲ ನಗರದ ಮೇಲ್ವರ್ಗದವರ ಖಯಾಲಿ ಎಂದು ಕೋರ್ಟಿಗೆ ಬರೆದುಕೊಟ್ಟಿತ್ತು. ಹೊಲದಲ್ಲಿ ದುಡಿಯುವ ಹೆಂಗಸೂ ಹೀಗಿರಬಹುದು ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ತೀರ್ಪಿನಲ್ಲಿ ತಿಳಿಹೇಳಿದರು. ಸರ್ಕಾರಕ್ಕೆ ಅದು ನಾಟಿತೋ ಏನೋ, ಜಂಟಿ ಖಾತೆಯ ಜೊತೆಗೆ ಆಹಾರ ಇಲಾಖೆಯಿಂದ ರಾಜ್ಯಗಳಿಗೆ ಒಂದು ಪತ್ರ ಹೋಯಿತು. ಸಲಿಂಗಿ ಸಂಗಾತಿಗಳನ್ನು ಒಂದೇ ಕುಟುಂಬ ಎಂದು ಪರಿಗಣಿಸಿ, ರೇಷನ್ ಕಾರ್ಡ್ ಕೊಡಿ! ಮೇಲ್ವರ್ಗದ ಖಯಾಲಿಗೆ ನ್ಯಾಯಬೆಲೆ ಅಂಗಡಿಯ ಅಕ್ಕಿ.

ಆರೋಗ್ಯ ಸಚಿವಾಲಯವೂ ಹಿಂದೆ ಬೀಳಲಿಲ್ಲ. ಸಂಗಾತಿ ತೀರಿಕೊಂಡರೆ, ಹತ್ತಿರದ ನೆಂಟರು ಯಾರೂ ಇಲ್ಲದಿದ್ದಾಗ, ಶವ ಕೇಳಬಹುದು ಎಂದಿತು. ನೆಂಟರು ಬಂದರೆ ಪಕ್ಕಕ್ಕೆ ಸರಿಯಬೇಕು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಸಲಿಂಗಿಗಳಿಗೆ ಮದುವೆ ಕೊಟ್ಟರೆ 160 ನಿಯಮಗಳು ಗೊಂದಲಕ್ಕೆ ಬೀಳುತ್ತವೆ ಎಂದು ಸರ್ಕಾರದ ಪರ ವಕೀಲರಾದ ಸಾಲಿಸಿಟರ್ ಜನರಲ್ ವಾದಿಸಿದ್ದರು. ಇಬ್ಬರಲ್ಲಿ ಹೆಂಡತಿ ಯಾರು ಎಂಬ ಪ್ರಶ್ನೆಯೂ ಎದ್ದಿತ್ತು. ದೊಡ್ಡ ದೊಡ್ಡ ವಕೀಲರು ತಲೆ ಕೆರೆದುಕೊಂಡ ಪ್ರಶ್ನೆ ಇದು. ಆದರೆ 2013ರ ಆಹಾರ ಭದ್ರತಾ ಕಾಯ್ದೆಯನ್ನು ತೆಗೆದು ನೋಡಿ. ಗಂಡ ಯಾರು, ಹೆಂಡತಿ ಯಾರು ಅನ್ನುವ ತಂಟೆಗೇ ಅದು ಹೋಗುವುದಿಲ್ಲ. ಮನೆಯಲ್ಲಿ 18 ದಾಟಿದ ಹಿರಿಯ ಹೆಂಗಸೇ ಕಾರ್ಡಿಗೆ ಯಜಮಾನಿ. ಇಬ್ಬರು ಹೆಂಗಸರ ಮನೆಯಾದರೆ ಹುಟ್ಟಿದ ತಾರೀಖು ನೋಡಿದರೆ ಮುಗಿಯಿತು. ಸಾಲಿಸಿಟರ್ ಜನರಲ್ಲೂ ಬೇಡ, ಐವರು ನ್ಯಾಯಮೂರ್ತಿಗಳೂ ಬೇಡ. ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ಅಕ್ಕಿ ಅಳೆದು ಹಾಕುತ್ತಾನೆ, ಚೀಲ ತಂದಿದ್ದೀರಾ ಅಂತ ಮಾತ್ರ ಕೇಳುತ್ತಾನೆ.