ಜೇಬಿಗೇ ಬಂದ ಸರ್ಕಾರ

ರಷ್ಯನ್ನರ ಮೇಲೆ ಅವರ ಸರ್ಕಾರಕ್ಕಿರುವ ಅಕ್ಕರೆ ನೋಡಿದರೆ ಕಣ್ಣು ತುಂಬಿ ಬರುತ್ತದೆ. ವಂಚಕರಿಂದ ಪ್ರಜೆಗಳನ್ನು ಕಾಪಾಡಲೆಂದು ವಾಟ್ಸ್‌ಆಪ್, ಟೆಲಿಗ್ರಾಂ ಕರೆಗಳಿಗೆ ಅಡ್ಡಗಾಲು ಹಾಕಿದ್ದಾಯಿತು. ಬೆನ್ನಿಗೇ, 2025ರ ಸೆಪ್ಟೆಂಬರ್ 1ರಿಂದ ಮಾರಾಟವಾಗುವ ಪ್ರತಿ ಹೊಸ ಮೊಬೈಲ್‌ನಲ್ಲೂ ಮ್ಯಾಕ್ಸ್ ಎಂಬ ಸ್ವದೇಶಿ ಸಂದೇಶ ಆಪ್ ಮೊದಲೇ ಕುಳಿತಿರಬೇಕೆಂಬ ಅಪ್ಪಣೆಯೂ ಆಯಿತು. ಗೂಢಚಾರರನ್ನು ಮನೆ ಮನೆಗೆ ಅಟ್ಟುವ ಖರ್ಚು ಉಳಿಯಿತು. ಮೊಬೈಲಿಗೆ ದುಡ್ಡು ಕೊಡುವವನೂ ಪ್ರಜೆಯೇ.

ಆದರೂ ಈ ವಿದ್ಯೆಯಲ್ಲಿ ಚೀನಾ ಗುರುವಿನ ಸ್ಥಾನದಲ್ಲಿದೆ. ಷಿ ಜಿನ್‌ಪಿಂಗ್ ಅವರ ಚಿಂತನೆಯನ್ನು ಕಲಿಸಲು 2019ರಲ್ಲಿ ಒಂದು ಆಪ್ ಬಂತು. ಲೇಖನ ಓದಿದರೆ ಅಂಕ, ವಿಡಿಯೊ ನೋಡಿದರೆ ಅಂಕ, ರಸಪ್ರಶ್ನೆಗೆ ಉತ್ತರಿಸಿದರೆ ಇನ್ನಷ್ಟು ಅಂಕ. ಕಚೇರಿಗಳಲ್ಲಿ ಮೇಲಧಿಕಾರಿಗಳು ಸಿಬ್ಬಂದಿಯ ಅಂಕಪಟ್ಟಿ ಕೇಳತೊಡಗಿದರು. ಬುದ್ಧಿವಂತರು ಸುಮ್ಮನಿರುತ್ತಾರೆಯೇ? ತಾನೇ ಲೇಖನ ತೆರೆದು, ತಾನೇ ಪುಟ ಸರಿಸಿ, ಅಂಕ ಗಳಿಸಿಕೊಡುವ ಪುಟ್ಟ ಪ್ರೋಗ್ರಾಂಗಳನ್ನು ಬರೆದರು. ಯಂತ್ರ ಉಪದೇಶಿಸುತ್ತದೆ, ಇನ್ನೊಂದು ಯಂತ್ರ ಭಕ್ತಿಯಿಂದ ಕೇಳಿಸಿಕೊಳ್ಳುತ್ತದೆ. ಇಂಥ ನಿಷ್ಠಾವಂತ ಪ್ರಜೆ ಯಾವ ಚಕ್ರವರ್ತಿಗೂ ದಕ್ಕಿರಲಿಕ್ಕಿಲ್ಲ: ಆಕಳಿಸುವುದಿಲ್ಲ, ಪಿಂಚಣಿ ಕೇಳುವುದಿಲ್ಲ. ನಡುವೆ ಮನುಷ್ಯರು ಯಾಕೆ ಬೇಕೆಂಬುದೇ ನನಗೆ ಅರ್ಥವಾಗುವುದಿಲ್ಲ. ಬಹುಶಃ ತೆರಿಗೆ ಕಟ್ಟಲು.

ಅಂಕಕ್ಕೆ ಬಗ್ಗದ ಹಟಮಾರಿಗಳಿಗೆ ಬಣ್ಣದ ಚಿಕಿತ್ಸೆ ಇತ್ತು. ಹೆನಾನ್ ಪ್ರಾಂತ್ಯದ ಕೆಲವು ಗ್ರಾಮೀಣ ಬ್ಯಾಂಕುಗಳು 2022ರ ಏಪ್ರಿಲ್‌ನಲ್ಲಿ ಠೇವಣಿದಾರರ ಹಣ ಹಿಂದಿರುಗಿಸುವುದನ್ನು ನಿಲ್ಲಿಸಿದವು. ಜೂನ್‌ನಲ್ಲಿ ದೂರು ಕೊಡಲೆಂದು ಝೆಂಗ್‌ಝೌ ನಗರಕ್ಕೆ ಬಂದವರ ಮೊಬೈಲ್‌ನಲ್ಲಿ, ಓಡಾಡಬೇಕಾದರೆ ಹಸಿರು ತೋರಬೇಕಿದ್ದ ಕೋವಿಡ್ ಸಂಕೇತ ಇದ್ದಕ್ಕಿದ್ದಂತೆ ಕೆಂಪಾಯಿತು. ಕೆಂಪಾದರೆ ಬಸ್ಸಿಲ್ಲ, ರೈಲಿಲ್ಲ, ಕ್ವಾರಂಟೈನ್ ಮಾತ್ರ. ಜ್ವರವಿಲ್ಲ, ಕೆಮ್ಮಿಲ್ಲ. ಬಡವ ಬಲ್ಲಿದನೆಂಬ ಭೇದ ವೈರಾಣುವಿಗಿಲ್ಲ ಎಂದು ಜಗತ್ತು ನಂಬಿದ್ದ ಕಾಲದಲ್ಲಿ ಹೆನಾನ್‌ನ ವೈರಾಣು ಪಾಸ್‌ಬುಕ್ ಓದಿ ಬಂದು ಅಂಟಿಕೊಳ್ಳುತ್ತಿತ್ತು! ಗಲಾಟೆಯಾದ ಮೇಲೆ ತನಿಖೆ ನಡೆಯಿತು. 1,317 ಠೇವಣಿದಾರರಿಗೆ ಕೆಂಪು ಬಳಿಯಲಾಗಿತ್ತೆಂದು ಅಧಿಕಾರಿಗಳೇ ಒಪ್ಪಿಕೊಂಡರು. ಐವರಿಗೆ ಶಿಕ್ಷೆಯಾಯಿತು. ಒಂದು ಗುಂಡಿ ಒತ್ತಿದರೆ ಯಾರನ್ನು ಬೇಕಾದರೂ ರೋಗಿಯಾಗಿಸಬಲ್ಲ ವ್ಯವಸ್ಥೆಗೆ ಮಾತ್ರ ಆಗ ಏನೂ ಆಗಲಿಲ್ಲ.

ಇದನ್ನು ಹೊಗಳಿ ಹೊಗಳಿ ನನಗೇ ಸಾಕಾಗಿದೆ. ಆ ಠೇವಣಿದಾರರು ಕ್ರಾಂತಿ ಮಾಡಲು ಹೊರಟವರಲ್ಲ, ಯಾರ ಕುರ್ಚಿಯ ಮೇಲೂ ಅವರ ಕಣ್ಣಿರಲಿಲ್ಲ. ಜೀವಮಾನವಿಡೀ ಕೂಡಿಟ್ಟ ದುಡ್ಡನ್ನು ವಾಪಸು ಕೊಡಿ ಎಂದರು, ಅಷ್ಟೇ. ಅದೂ ಸರ್ಕಾರವನ್ನು ನಂಬಿ ಬ್ಯಾಂಕಿನಲ್ಲಿ ಇಟ್ಟಿದ್ದ ದುಡ್ಡು. ಜುಲೈ 10ರಂದು ಕೇಂದ್ರ ಬ್ಯಾಂಕಿನ ಝೆಂಗ್‌ಝೌ ಶಾಖೆಯ ಮೆಟ್ಟಿಲ ಮೇಲೆ ಅವರು ಮತ್ತೆ ಸೇರಿದಾಗ ಆಪ್‌ಗೀಪ್ ಯಾವುದೂ ಬೇಕಾಗಲಿಲ್ಲ. ಬಿಳಿ ಅಂಗಿ ತೊಟ್ಟ ಗಂಡಸರ ಹಿಂಡು ಬಂದು ಅವರನ್ನು ಹೊಡೆದು ಎಳೆದಾಡಿತು. ಹೊಡೆದವರ ಮೊಬೈಲ್ ಹಸಿರಾಗಿಯೇ ಇದ್ದಿರಬೇಕು.